48 ತಾಸು

ಎರಡು ಸಾಲು ಅಳಿಸಿ ಎರಡು ಸಾಲು ಬರೆಯುವ ಕೆಲಸ ಅದು. 2013ರ ಜೂನ್ ತಿಂಗಳ ಒಂದು ಶುಕ್ರವಾರ ರಾತ್ರಿ ಲಿಂಗಸುಗೂರಿನ ಬಸ್‌ಸ್ಟ್ಯಾಂಡ್ ಮಗ್ಗುಲಿನ ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ಶಟರ್ ಅರ್ಧ ಇಳಿಸಿಕೊಂಡು ಕೂತಿದ್ದೆ. ಡೊಮೇನ್ ಕೊಂಡಿದ್ದ ಕಂಪನಿಯ ಪುಟ ತೆರೆದು, ಸೈಟು ಎಲ್ಲಿದೆ ಎಂದು ಕೇಳಿದವರಿಗೆ ಹೇಳುವ ಹಳೆಯ ನೇಮ್‌ಸರ್ವರ್‌ಗಳ ಎರಡು ಹೆಸರು ತೆಗೆದು, ಹೊಸ ಹೋಸ್ಟಿಂಗ್‌ನವರು ಕಳಿಸಿದ್ದ ಎರಡು ಹೆಸರು ತುಂಬಿ, ಸೇವ್ ಒತ್ತಿದೆ. ಬದಲಾವಣೆ ದಾಖಲಾಗಿದೆ, ಎಲ್ಲ ಕಡೆ ಜಾರಿಗೆ ಬರಲು 24ರಿಂದ 48 ತಾಸು ಹಿಡಿಯಬಹುದು ಎಂದು ಹಸಿರು ಪಟ್ಟಿಯೊಂದು ಮೂಡಿತು. ಅದನ್ನೇ ಸಿಂಧನೂರಿನ ಸಾವ್ಕಾರರಿಗೆ ಫೋನಿನಲ್ಲಿ ಒಪ್ಪಿಸಿ ಮನೆಗೆ ಹೋಗಿ ಮಲಗಿದೆ.

ಸಾವ್ಕಾರರದು ಸಿಂಧನೂರಿನಲ್ಲಿ ರೈಸ್ ಮಿಲ್ಲು. ಮಸ್ಕಿಯಲ್ಲಿ ಅವರ ಅಳಿಯ ನೋಡಿಕೊಳ್ಳುವ ಬೀಜ-ಗೊಬ್ಬರದ ಅಂಗಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಮೇಲೆ ಸಿಂಧನೂರಿನ ಸೀಮೆಯೇ ಭತ್ತದ ಸೀಮೆಯಾಯಿತು. ಇಲ್ಲಿಯ ಸೋನಾಮಸೂರಿಗೆ ಬೆಂಗಳೂರಿನ ಯಶವಂತಪುರದ ಯಾರ್ಡಿನವರೆಗೂ ಗಿರಾಕಿಗಳಿದ್ದಾರೆ. ಅಂಥ ಗಿರಾಕಿಗಳಿಗಾಗಿಯೇ 2011ರಲ್ಲಿ ನಾನು ಅವರಿಗೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಬಹಳ ದೊಡ್ಡದೇನಲ್ಲ. ಮಿಲ್ಲಿನ ಒಂದು ಫೋಟೊ, ಫೋನ್ ನಂಬರು, ಅದರ ಕೆಳಗೆ ಅವತ್ತಿನ ರೇಟು: ಸೋನಾ ಹೊಸದು, ಸೋನಾ ಹಳೆಯದು, ಸ್ಟೀಮ್, ನುಚ್ಚು. ದಿನಾ ಮುಂಜಾನೆ ಎಂಟಕ್ಕೆ ಸಾವ್ಕಾರರು ಫೋನ್ ಮಾಡಿ ರೇಟು ಹೇಳುತ್ತಿದ್ದರು, ನಾನು ಹಾಕುತ್ತಿದ್ದೆ. ಹಳೆಯ ಹೋಸ್ಟಿಂಗ್‌ನವರು ದರ ಏರಿಸಿದ್ದರು, ಸೈಟು ವಾರಕ್ಕೊಮ್ಮೆಯಾದರೂ ನಿಂತುಬಿಡುತ್ತಿತ್ತು. ಬೇರೆ ಕಡೆ ಒಯ್ಯೋಣ ಎಂದವನು ನಾನೇ.

ಶನಿವಾರ ಮುಂಜಾನೆ ಸಿಂಧನೂರಿನಿಂದ ಮೊದಲ ಫೋನು. "ತಮ್ಮಾ, ಹೊಸಾದು ಬಂತಪಾ. ಬಣ್ಣ ಚಲೋ ಐತಿ." ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರ ಇನ್ನೂ ಹಳೆಯದೇ ಬರುತ್ತಿತ್ತು. ಮಸ್ಕಿಯ ಅಳಿಯನಿಗೆ ಕೇಳಿದೆ: "ಇಲ್ಲೂ ಹಳೇದs ಐತ್ರೀ ಸರ." ಒಂದೇ ರಸ್ತೆಯ ಮೂರು ಊರು, ಬಸ್ಸಿನಲ್ಲಿ ಒಂದೂವರೆ-ಎರಡು ತಾಸಿನ ದಾರಿ. ಸಿಂಧನೂರಿನವರಿಗೆ ಹೊಸ ಮನೆ, ನಮಗೆ ಹಳೆಯ ಮನೆ. 48 ತಾಸು ಹೇಳಿದ್ದಾರಲ್ಲ, ಆಗುತ್ತದೆ ಅಂದುಕೊಂಡೆ. ಅವತ್ತಿನ ರೇಟನ್ನು ಹೊಸ ಸೈಟಿನಲ್ಲಿ ಮಾತ್ರ ಹಾಕಿದೆ. ಹಳೆಯದರಲ್ಲಿ ಶುಕ್ರವಾರದ ರೇಟು ಹಾಗೇ ಉಳಿಯಿತು.

ಶನಿವಾರ ಸೋನಾ ಹಳೆಯದು ಕ್ವಿಂಟಲ್‌ಗೆ 150 ರೂಪಾಯಿ ಏರಿತ್ತು. ಮಧ್ಯಾಹ್ನ ಬೆಂಗಳೂರಿನ ವ್ಯಾಪಾರಿಯೊಬ್ಬರು ಒಂದು ಲಾರಿ ಮಾಲು ಬೇಕೆಂದು ಸಾವ್ಕಾರರಿಗೆ ಫೋನ್ ಮಾಡಿದರು. ಅವರು ಹೇಳಿದ್ದು ಶುಕ್ರವಾರದ ರೇಟು. "ನಿಮ್ಮ ಸೈಟ್‌ನಲ್ಲೇ ಇದೆಯಲ್ಲ, ಈಗಲೇ ನೋಡ್ತಾ ಇದೀನಿ" ಅಂದರಂತೆ. ಸಾವ್ಕಾರರು ತಮ್ಮ ಮುಂದಿನ ಪರದೆ ನೋಡಿದರು, ಅದರಲ್ಲಿ ಏರಿದ ರೇಟು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಒಂದೇ ಹೆಸರಿನ ಕೆಳಗೆ ಆ ಹೊತ್ತಿನಲ್ಲಿ ಎರಡು ಅಂಗಡಿ ತೆರೆದಿದ್ದವು, ಎರಡರಲ್ಲೂ ಸಾವ್ಕಾರರ ಫೋಟೊ ತೂಗುತ್ತಿತ್ತು. ಅವರು ಹಳೆಯ ರೇಟಿಗೇ ಲಾರಿ ಕಳಿಸಿದರು. 100 ಕ್ವಿಂಟಲ್, 15000 ರೂಪಾಯಿ. ನಾನು ತಡವರಿಸಿದಾಗ, "ನಮ್ಮ ಬೋರ್ಡಿನ ಮ್ಯಾಲ ಬರದದ್ದು ನಮ್ಮ ಮಾತಲ್ಲೇನು?" ಅಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟು ಮಾಡಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಮಿಲ್ಲಿಗೆ ಬಂದವರಿಗೆಲ್ಲ ಅವರೇ ವಿವರಣೆ ಕೊಡುತ್ತಿದ್ದರು. ಕಾಲುವೆ ಕಂಡವರ ವಿವರಣೆ ಅದು: "ಮ್ಯಾಲ ಗೇಟ್ ಎತ್ಯಾರ. ಸಿಂಧನೂರಿಗೆ ನೀರು ಮುಟ್ಟೈತಿ, ಕೆಳಭಾಗಕ್ಕ ಇನ್ನಾ ಮುಟ್ಟಬೇಕು." ನಮ್ಮ ಕಡೆ ಈ ಮಾತು ಎಲ್ಲರಿಗೂ ತಿಳಿಯುತ್ತದೆ. ಗೇಟು ಎತ್ತಿದ ದಿನ ಒಂದು, ಉಪಕಾಲುವೆಯ ಕೊನೆಯ ಹೊಲಕ್ಕೆ ನೀರು ಬರುವ ದಿನ ಇನ್ನೊಂದು; ನಡುವೆ ಗೇಜು ಬೀಳುತ್ತದೆ, ಮೇಲಿನವರು ಅಡ್ಡ ಕಟ್ಟುತ್ತಾರೆ, ಕೆಳಭಾಗದ ರೈತರು ರಸ್ತೆಗೆ ಬಂದು ಕೂರುತ್ತಾರೆ. ಹೋಸ್ಟಿಂಗ್‌ನವರೂ ಇದನ್ನು ಪ್ರೊಪಗೇಷನ್ ಎಂದೇ ಕರೆಯುತ್ತಾರೆ, ಹರಡುವಿಕೆ ಅಂತ. ಸಾವ್ಕಾರರ ಹೋಲಿಕೆ ನನಗೂ ಹಿತವಾಗಿತ್ತು. ನಾನೂ ಅದನ್ನೇ ಹೇಳುತ್ತ ಎರಡು ದಿನ ಕಳೆದೆ.

ಅದು ತಪ್ಪು ಹೋಲಿಕೆ. ಡೊಮೇನ್ ವಿಷಯದಲ್ಲಿ ಮೇಲಿನಿಂದ ಕೆಳಕ್ಕೆ ಏನೂ ಹರಿದು ಬರುವುದಿಲ್ಲ. ನಿಜದಲ್ಲಿ ಆಗುವುದು ಬೇರೆ. ಬಸ್‌ಸ್ಟ್ಯಾಂಡಿನ ಪಾನ್ ಅಂಗಡಿಯವನನ್ನು ನೆನೆಸಿಕೊಳ್ಳಿ. ಪರ ಊರಿನವರು ಬಂದು ಡಾಕ್ಟರ ದವಾಖಾನೆ ಎಲ್ಲಿ ಎಂದು ಕೇಳುತ್ತಾರೆ. ಅವನಿಗೆ ಗೊತ್ತಿಲ್ಲದಿದ್ದರೆ ಒಳಗೆ ಹೋಗಿ ತಿಳಿದವರನ್ನು ಕೇಳಿಕೊಂಡು ಬಂದು ಹೇಳುತ್ತಾನೆ. ಮುಂದೆ ಕೇಳಿದವರಿಗೆಲ್ಲ ಮತ್ತೆ ಒಳಗೆ ಹೋಗುವುದಿಲ್ಲ, ನೆನಪಿನಿಂದಲೇ ಕೈ ತೋರಿಸುತ್ತಾನೆ. ದವಾಖಾನೆ ಬೇರೆ ಓಣಿಗೆ ಹೋದರೆ ಅವನಿಗೆ ಬಂದು ಹೇಳುವವರು ಯಾರೂ ಇಲ್ಲ. ಆ ನೆನಪನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕೆಂದು ಅವನಿಗೆ ಮೊದಲೇ ಹೇಳಿರುತ್ತಾರೆ. ಆ ಹೊತ್ತು ತೀರುವವರೆಗೂ ಅವನು ಹಳೆಯ ಓಣಿಯನ್ನೇ ತೋರಿಸುತ್ತಾನೆ. ಅದೇ ಟಿಟಿಎಲ್. ನಮ್ಮ ನೆಟ್ ಕೊಡುವವರ ಸರ್ವರ್‌ಗಳು ಇಂಥ ಪಾನ್ ಅಂಗಡಿಗಳು. ಲಿಂಗಸುಗೂರಿನ ನನ್ನ ಸಾಲಿನವರು ಶುಕ್ರವಾರ ಹಳೆಯ ವಿಳಾಸವನ್ನು ಕೇಳಿ ತಿಳಿದು ಇಟ್ಟುಕೊಂಡಿದ್ದರು. ಸಿಂಧನೂರಿನ ಮಿಲ್ಲಿನ ಸಾಲು ಬೇರೆಯವರದು, ಅವರ ನೆನಪಿನ ಅವಧಿ ಆಗಲೇ ತೀರಿತ್ತು. ಇಲ್ಲಿ ಹೊಸದು ಹರಡುವ ಮಾತೇ ಇಲ್ಲ, ಒಬ್ಬೊಬ್ಬರೂ ತಮ್ಮ ತಮ್ಮ ಹೊತ್ತಿಗೆ ಹಳೆಯದನ್ನು ಮರೆಯಬೇಕು, ಅಷ್ಟೆ.

ಆ ಹೊತ್ತನ್ನು ಸೆಕೆಂಡುಗಳಲ್ಲಿ ಬರೆದಿರುತ್ತಾರೆ. ನಮ್ಮ ಹಳೆಯ ಹೋಸ್ಟಿಂಗ್‌ನಲ್ಲಿ ಬರೆದದ್ದು 86400, ಅಂದರೆ ಒಂದು ಪೂರ್ತಿ ದಿನ. ಡಾಟ್ ಕಾಂ ಹೆಸರುಗಳ ನೇಮ್‌ಸರ್ವರ್ ಯಾವುದೆಂದು ಹೇಳುವ ಮೇಲಿನ ಸರ್ವರ್‌ಗಳು ತಮ್ಮ ಉತ್ತರದ ಜೊತೆ ಕೊಡುವ ಅವಧಿ 172800 ಸೆಕೆಂಡು. ಲೆಕ್ಕ ಹಾಕಿ ನೋಡಿ, ಸರಿಯಾಗಿ 48 ತಾಸು. ನಾನು ಗಿಳಿಯ ಹಾಗೆ ಒಪ್ಪಿಸಿದ ಸಂಖ್ಯೆ ಮಳೆ-ಗಾಳಿಯಂತೆ ತಾನಾಗಿ ಬಂದದ್ದಲ್ಲ, ಯಾರೋ ಕೂತು ಬರೆದದ್ದು. ಅದರಲ್ಲಿ ನನ್ನ ಪಾಲಿನ 86400ನ್ನು ಬುಧವಾರವೇ 300ಕ್ಕೆ ಇಳಿಸಿ, ಎರಡು ದಿನ ಬಿಟ್ಟು, ಮೊದಲು ಹಳೆಯ ನೇಮ್‌ಸರ್ವರ್‌ನಲ್ಲೇ ಹೊಸ ಐಪಿ ವಿಳಾಸ ಬರೆದಿದ್ದರೆ, ಶುಕ್ರವಾರ ರಾತ್ರಿಯ ಬದಲಾವಣೆ ಬಹುತೇಕ ಕಡೆ ಐದು ನಿಮಿಷದ ಕೆಲಸ. ಯಶವಂತಪುರದವರಿಗೆ ಶನಿವಾರ ಮಧ್ಯಾಹ್ನ ಸರಿಯಾದ ರೇಟೇ ಕಾಣುತ್ತಿತ್ತು. ಇದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು ಕಾಯಿರಿ ಅಂದೆ. ಇವತ್ತಿಗೂ ನನ್ನನ್ನು ಚುಚ್ಚುವುದು ಆ 15000ಕ್ಕಿಂತ ಈ ಮಾತೇ. ನಮ್ಮ ಕಡೆಯ ಜನ ಕಾಯುವುದರಲ್ಲಿ ಪಳಗಿದವರು. ನೀರಿಗೆ, ಬಸ್ಸಿಗೆ, ಬೆಳೆ ಪರಿಹಾರಕ್ಕೆ, ಪಹಣಿ ತಿದ್ದುಪಡಿಗೆ ಕಾದವರು. ಅವರಿಗೆ ಕಾಯಿರಿ ಅಂದರೆ ಎದುರು ಪ್ರಶ್ನೆ ಹುಟ್ಟುವುದಿಲ್ಲ. ಅದು ಗೊತ್ತಿದ್ದೇ ನಾನು ಆ ಮಾತು ಆಡಿದ್ದೆ.

ಭಾನುವಾರ ಸಂಜೆ ನನ್ನ ಅಂಗಡಿಯಲ್ಲೂ ಹೊಸ ಸೈಟು ಬಂತು. ಸೋಮವಾರಕ್ಕೆ ಹಳೆಯ ಹೋಸ್ಟಿಂಗ್‌ನ ವರ್ಷ ಮುಗಿಯುತ್ತಿತ್ತು. ಇನ್ನೇಕೆ ದುಡ್ಡು ಎಂದು ಬಿಟ್ಟೆ. ಮಂಗಳವಾರ ಮುಂಜಾನೆ ಮಸ್ಕಿಯ ಅಳಿಯನ ಫೋನು, ದನಿ ಸಣ್ಣದಾಗಿತ್ತು. "ಸರ, ಇಲ್ಲಿ ಏನೋ ಸಸ್ಪೆಂಡ್ ಅಂತ ಬರ್ಲಿಕತ್ತೈತ್ರೀ." ದುಡ್ಡು ನಿಂತ ಖಾತೆಗೆ ಹಳೆಯ ಹೋಸ್ಟಿಂಗ್‌ನವರು ಹಾಕುವ ಪುಟ ಅದು, ಅಕೌಂಟ್ ಸಸ್ಪೆಂಡ್ ಆಗಿದೆ ಎಂಬ ದಪ್ಪ ಅಕ್ಷರ. "ಇನ್ನೊಂದೀಟು ತಡೀರಿ, ಒಮ್ಮೊಮ್ಮೆ 72 ತಾಸೂ ಆಗ್ತೈತಿ" ಅಂದೆ. ಎಲ್ಲಿಂದ ಬಂತು ಆ 72? ನನ್ನ ಬಾಯಿಂದ ಬಂತು, ಮತ್ತೆಲ್ಲಿಂದಲೂ ಅಲ್ಲ.

ಆತ ಫೋನ್ ಇಡಲಿಲ್ಲ. ಆ ಪುಟವನ್ನು ಅಂಗಡಿಗೆ ಬಂದಿದ್ದ ರೈತರೊಬ್ಬರು ನೋಡಿದ್ದರು. ಬೇಸಿಗೆ ಭತ್ತವನ್ನು ಮಿಲ್ಲಿಗೆ ಉದ್ರಿ ಕೊಟ್ಟವರು ಅವರು, ದುಡ್ಡು ಬರುವುದಿತ್ತು. ನಮ್ಮ ಊರುಗಳಲ್ಲಿ ಸಸ್ಪೆಂಡ್ ಎಂಬ ಇಂಗ್ಲಿಷ್ ಮಾತು ಓದು ಬಾರದವರಿಗೂ ಗೊತ್ತು; ತಲಾಠಿಯೋ ಮಾಸ್ತರೋ ಏನೋ ಮಾಡಿಕೊಂಡಾಗ ಕೇಳಿಬರುವ ಮಾತು. ಸಾವ್ಕಾರರ ಅಕೌಂಟ್ ಸಸ್ಪೆಂಡ್ ಆಗೈತಂತೆ ಎಂದು ಆ ರೈತರು ಹೊರಗೆ ಚಹಾದ ಅಂಗಡಿಯಲ್ಲಿ ಕೇಳಿದ್ದರು. ಬ್ಯಾಂಕಿನ ಅಕೌಂಟೇ ಇರಬೇಕೆಂದು ಚಹಾ ಕುಡಿಯುತ್ತಿದ್ದವರು ತಿಳಿದುಕೊಂಡಿದ್ದರು. ಉದ್ರಿಯ ಮೇಲೆ ನಡೆಯುವ ವ್ಯಾಪಾರದಲ್ಲಿ ಇದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಸಾವ್ಕಾರರು ಅವತ್ತೇ ಸಂಜೆಯೊಳಗೆ, ವಾಯಿದೆಗೆ ಇನ್ನೂ ಹನ್ನೆರಡು ದಿನ ಇರುವಾಗಲೇ, ಆ ರೈತರ ದುಡ್ಡು ಮುಟ್ಟಿಸಿದರು. ಅಷ್ಟು ಹೊತ್ತಿಗೆ ನಾನು ಮಸ್ಕಿ ಬಸ್ಸು ಹತ್ತಿದ್ದೆ.

ಮೊದಲು ನನ್ನ ಮೊಬೈಲಿನಲ್ಲಿ ತೆರೆದೆ, ಹೊಸ ಸೈಟು ಬಂತು. ಅಳಿಯನ ಮೊಬೈಲಿನಲ್ಲೂ ಬಂತು. ಟೇಬಲ್ಲಿನ ಮೇಲಿನ ಕಂಪ್ಯೂಟರಿನಲ್ಲಿ ಮಾತ್ರ ಆ ದಪ್ಪ ಅಕ್ಷರ. ಬ್ರೌಸರಿನ ನೆನಪು ಅಳಿಸಿದೆ, ರೌಟರ್ ಆರಿಸಿ ಹಚ್ಚಿದೆ, ಕಪ್ಪು ಪರದೆ ತೆರೆದು ಫ್ಲಶ್‌ಡಿಎನ್‌ಎಸ್ ಕೊಟ್ಟೆ. ಏನೂ ಬದಲಾಗಲಿಲ್ಲ. ನೆಟ್ಟಿನವರ ಸರ್ವರನ್ನು ಬಿಟ್ಟು 8.8.8.8 ಹಾಕಿದೆ. ಗೂಗಲ್‌ನವರು 2009ರಿಂದ ಎಲ್ಲರಿಗೂ ತೆರೆದಿಟ್ಟಿರುವ ಪಾನ್ ಅಂಗಡಿ ಅದು. ಆಗಲೂ ಹಾಗೇ. ಎನ್‌ಎಸ್‌ಲುಕಪ್ ಎಂದು ಹೆಸರು ಕೊಟ್ಟು ಕೇಳಿದೆ. ಉತ್ತರದಲ್ಲಿ ಹೊಸ ಐಪಿ ಬಂತು. ಅದೇ ಪರದೆಯ ಮೇಲೆ, ಅದೇ ಹೆಸರಿಗೆ ಪಿಂಗ್ ಕೊಟ್ಟೆ. ಹಳೆಯ ಐಪಿ.

ಎರಡು ಸಾಲನ್ನು ಬಹಳ ಹೊತ್ತು ನೋಡುತ್ತ ಕೂತೆ. ಗೊಬ್ಬರದ ಚೀಲಗಳ ವಾಸನೆ, ತಲೆಯ ಮೇಲೆ ಕಟಕಟ ಅನ್ನುವ ಫ್ಯಾನು. ಒಂದೇ ಯಂತ್ರ, ಒಂದೇ ಹೆಸರು, ಒಂದರ ಕೆಳಗೊಂದು ಎರಡು ಉತ್ತರ. ಎನ್‌ಎಸ್‌ಲುಕಪ್ ನೇರವಾಗಿ ಹೊರಗಿನ ಸರ್ವರನ್ನು ಕೇಳುತ್ತದೆ. ಪಿಂಗ್ ಹಾಗಲ್ಲ, ಮೊದಲು ಮನೆಯೊಳಗೆ ಕೇಳುತ್ತದೆ. ಹಾಗಾದರೆ ಮನೆಯೊಳಗೇ ಯಾರೋ ಹಳೆಯ ವಿಳಾಸ ಹೇಳುತ್ತಿದ್ದಾರೆ ಅಂತಾಯಿತು.

ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ, ಅದರೊಳಗೆ ಹೋಸ್ಟ್ಸ್ ಎಂಬ ಬಾಲವಿಲ್ಲದ ಒಂದು ಫೈಲು. ನೋಟ್‌ಪ್ಯಾಡಿನಲ್ಲಿ ತೆರೆದೆ. ಮೊದಲಿಗೆ ಹ್ಯಾಶ್ ಗುರುತು ಹಚ್ಚಿದ ಮೈಕ್ರೋಸಾಫ್ಟ್‌ನವರ ಸಾಲುಗಳು. ಎಲ್ಲದರ ಕೆಳಗೆ, ಹ್ಯಾಶ್ ಇಲ್ಲದೆ, ಒಂದು ಸಾಲು. ಎಡಕ್ಕೆ ಹಳೆಯ ಐಪಿ, ಬಲಕ್ಕೆ ಮಿಲ್ಲಿನ ಡೊಮೇನ್ ಹೆಸರು, ನಡುವೆ ನಾಲ್ಕು ಸ್ಪೇಸ್. ನಾನು ಟ್ಯಾಬ್ ಒತ್ತುವವನಲ್ಲ, ನಾಲ್ಕು ಸ್ಪೇಸ್ ಒತ್ತುವವನು. ಫೈಲಿನ ತಾರೀಖು 2011. ಆಗ ಸೈಟು ಇನ್ನೂ ಹೊರಗೆ ಬಂದಿರಲಿಲ್ಲ. ಸಾವ್ಕಾರರು ಮಸ್ಕಿಗೆ ಬಂದ ದಿನ ತೋರಿಸಬೇಕಿತ್ತು. ಆ ಒಂದು ಯಂತ್ರಕ್ಕೆ ಮಾತ್ರ ಕಾಣಲಿ ಎಂದು ನಾನೇ ಬರೆದ ಸಾಲು ಅದು. ಮುಂದೆ ಸೈಟು ಎಲ್ಲರಿಗೂ ಕಂಡಿತು, ವಿಳಾಸ ಅದೇ ಆಗಿದ್ದರಿಂದ ಆ ಸಾಲು ಇದ್ದದ್ದು ಎರಡು ವರ್ಷ ಯಾರಿಗೂ ತಿಳಿಯಲಿಲ್ಲ. ಹೋಸ್ಟ್ಸ್ ಫೈಲಿನ ಸಾಲಿಗೆ ಟಿಟಿಎಲ್ ಇಲ್ಲ. 48 ತಾಸಲ್ಲ, 48 ವರ್ಷ ಕಾದರೂ ಮಸ್ಕಿಯ ಆ ಕಂಪ್ಯೂಟರು ಹಳೆಯ ಬಾಗಿಲನ್ನೇ ಬಡಿಯುತ್ತಿತ್ತು. ಸಾಲು ಅಳಿಸಿ, ಸೇವ್ ಮಾಡಿ, ಬ್ರೌಸರ್ ಮುಚ್ಚಿ ತೆರೆದೆ. ಮಿಲ್ಲಿನ ಫೋಟೊ, ಅದರ ಕೆಳಗೆ ಮಂಗಳವಾರದ ರೇಟು. ಅಳಿಯ ಒಂದು ಮಾತೂ ಆಡದೆ ಚಹಾ ತರಿಸಿದ.

ಇಂಟರ್ನೆಟ್ಟಿನ ಮೊದಲ ದಿನಗಳಲ್ಲಿ ಇಡೀ ಜಾಲಕ್ಕೆ ಇಂಥದೊಂದೇ ಫೈಲು ಇತ್ತೆಂಬುದನ್ನು ನಾನು ಓದಿದ್ದು ಆಮೇಲೆ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫೋರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಹೆಣ್ಣುಮಗಳ ತಂಡ ಅದನ್ನು ಕಾಯುತ್ತಿತ್ತು. ಹೊಸ ಯಂತ್ರ ಬಂದರೆ ಅವರಿಗೆ ತಿಳಿಸಬೇಕು, ಅವರು ಒಂದು ಸಾಲು ಸೇರಿಸಬೇಕು, ಉಳಿದವರೆಲ್ಲ ಆ ಫೈಲನ್ನು ಇಳಿಸಿಕೊಳ್ಳಬೇಕು. ಯಂತ್ರಗಳು ಹೆಚ್ಚಾದಂತೆ ಅದು ನಿಭಾಯಿಸಲಾಗದ ಕೆಲಸವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಈಗಿನ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಒಬ್ಬರ ಬಳಿ ಎಲ್ಲವೂ ಇರುವ ಬದಲು ಒಬ್ಬೊಬ್ಬರೂ ತಮ್ಮ ಹೆಸರುಗಳ ಲೆಕ್ಕ ತಾವೇ ಇಟ್ಟುಕೊಳ್ಳುವುದು, ಕೇಳಿ ತಿಳಿದವರು ಸ್ವಲ್ಪ ಹೊತ್ತು ಮಾತ್ರ ನೆನಪಿಟ್ಟುಕೊಳ್ಳುವುದು. ಆ 'ಸ್ವಲ್ಪ ಹೊತ್ತು ಮಾತ್ರ' ಎಂಬುದರಲ್ಲಿ ಎಷ್ಟು ವಿವೇಕವಿದೆ ಎಂದು ನನಗೆ ಮಸ್ಕಿಯ ಅನುಭವದ ನಂತರವೇ ಅರ್ಥವಾದದ್ದು. ಮರೆಯಲಾರದ ಯಂತ್ರ ಎಂಥ ಪೇಚಿಗೆ ಸಿಕ್ಕಿಸುತ್ತದೆಂದು ನೋಡಿ ಬಂದಿದ್ದೆನಲ್ಲ.

ಅವತ್ತು ಬಸ್ಸಿಗೆ ಇನ್ನೂ ಹೊತ್ತಿತ್ತು. ಊರ ಮಗ್ಗುಲಿನ ಗುಡ್ಡಕ್ಕೆ ನಡೆದುಹೋದೆ. ಶಾಲೆಯಲ್ಲಿದ್ದಾಗ ಪ್ರವಾಸಕ್ಕೆ ಬಂದು ನೋಡಿದ ಅಶೋಕನ ಶಾಸನದ ಬಂಡೆ ಅಲ್ಲಿದೆ. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ 1915ರಲ್ಲಿ ಆ ಬಂಡೆಯ ಬರಹ ಕಂಡರು, ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದಾಗಿನಿಂದ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಬಂಡೆ ಬಂಡೆಗಳ ಮೇಲೆ ಸಿಗುತ್ತಿದ್ದವು. ಅವು ಯಾರವು ಎಂಬುದನ್ನು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿಕೊಂಡಿದ್ದರು. ಬಿರುದಿನ ಪಕ್ಕದಲ್ಲೇ ಅಸೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಎಡಕ್ಕೊಂದು ಮಾತು, ಬಲಕ್ಕೊಂದು ಹೆಸರು. ಇದು ಅವನೇ ಎಂದು ಹೇಳುವ ಒಂದೇ ಒಂದು ಸಾಲು, ಎರಡು ಸಾವಿರ ವರ್ಷಕ್ಕೂ ಮೀರಿ ಅಲ್ಲಿ ನಿಂತಿತ್ತು. ನನ್ನ ನಾಲ್ಕು ಸ್ಪೇಸಿನ ಸಾಲನ್ನು ಅಳಿಸಿ ಅರ್ಧ ತಾಸೂ ಆಗಿರಲಿಲ್ಲ. ಬಂಡೆಯ ಮುಂದೆ ನಿಂತಾಗ ಮೈ ಸಣ್ಣಗೆ ನಡುಗಿತು. ಉಳಿಯಬೇಕಾದ ಸಾಲು ಯಾವುದು, ಅಳಿಯಬೇಕಾದ ಸಾಲು ಯಾವುದು ಎಂದು ಬರೆಯುವವನೇ ಬರೆಯುವ ಹೊತ್ತಿನಲ್ಲಿ ತಿಳಿದಿರಬೇಕಲ್ಲವೇ?

ವಿಳಾಸದ ವಿಷಯದಲ್ಲಿ ನಮ್ಮ ಸೀಮೆಯೇ ಹಾಗೆ. ಲಿಂಗಸುಗೂರಿನಲ್ಲಿದ್ದ ನಿಜಾಮರ ಕಾಲದ ದಂಡು ಹೋಗಿ ನೂರು ವರ್ಷದ ಮೇಲಾಯಿತು, ಈಗಲೂ ಊರಿಗೆ ಛಾವಣಿ ಎನ್ನುವವರಿದ್ದಾರೆ. 1905ರವರೆಗೆ ಅದು ಜಿಲ್ಲೆಯ ಊರು, ಆಮೇಲೆ ರಾಯಚೂರಿಗೆ ಸೇರಿದ ತಾಲ್ಲೂಕು. ಮಸ್ಕಿ ತಾಲ್ಲೂಕಾದ ಮೇಲೂ ಎಷ್ಟೋ ಅಂಗಡಿಗಳ ರಸೀದಿ ಪುಸ್ತಕದಲ್ಲಿ ತಾ: ಲಿಂಗಸುಗೂರು ಎಂದೇ ಅಚ್ಚಾಗಿರುತ್ತಿತ್ತು. ಪುಸ್ತಕ ತೀರುವವರೆಗೆ ಅದೇ. ನಮ್ಮ ಅಂಚೆಯವರು ಹಳೆಯದೂ ಹೊಸದೂ ಎರಡನ್ನೂ ತಿಳಿದು ಕಾಗದ ಮುಟ್ಟಿಸುತ್ತಾರೆ. ಯಂತ್ರಕ್ಕೆ ಆ ತಿಳಿವಳಿಕೆಯಿಲ್ಲ, ಅದನ್ನು ಕೂರಿಸಿದವನಿಗೆ ಇರಬೇಕು.

ಮರುದಿನ ಸಿಂಧನೂರಿಗೆ ಹೋಗಿ ಸಾವ್ಕಾರರ ಮುಂದೆ ಎಲ್ಲ ಹೇಳಿದೆ. ಟಿಟಿಎಲ್ ಹೇಳಿದೆ, ಮೊದಲೇ ಇಳಿಸಬಹುದಿತ್ತೆಂದು ಹೇಳಿದೆ, ಹಳೆಯ ಹೋಸ್ಟಿಂಗ್‌ಗೆ ಇನ್ನೊಂದು ತಿಂಗಳಿನ ದುಡ್ಡು ಕಟ್ಟಿ ರೇಟನ್ನು ಎರಡೂ ಕಡೆ ಹಾಕಬೇಕಿತ್ತೆಂದು ಹೇಳಿದೆ, ಮಸ್ಕಿಯ ಸಾಲು ನನ್ನದೇ ಎಂದೂ ಹೇಳಿದೆ. ಭತ್ತದ ಸ್ಯಾಂಪಲ್ ಅಂಗೈಯಲ್ಲಿ ಉಜ್ಜಿ ಉಮಿ ಊದುತ್ತ ಕೇಳಿಸಿಕೊಂಡರು. "ಹಂಗಾರ ತಮ್ಮಾ, ಕಾಯ್ರಿ ಅಂತ ಯಾಕ ಅಂದಿ?" ಅಂದರು. ಕೇಳಿದ್ದು ಅಷ್ಟೇ. ಉತ್ತರ ಕೊಡಲಾಗಲಿಲ್ಲ. 15000 ನಾನು ಕೊಡುತ್ತೇನೆ ಅಂದದ್ದಕ್ಕೆ ಒಪ್ಪಲಿಲ್ಲ. ರೇಟು ಹಾಕುವ ಕೆಲಸವನ್ನು ಬೇರೆಯವರಿಗೂ ಕೊಡಲಿಲ್ಲ.

2019ರಲ್ಲಿ ಅದೇ ಸೈಟನ್ನು ಮತ್ತೆ ಬೇರೆ ಸರ್ವರಿಗೆ ಒಯ್ಯಬೇಕಾಯಿತು. ಮೂರು ದಿನ ಮೊದಲೇ 300 ಬರೆದೆ. ಮಿಲ್ಲಿನ ಮೇಲ್ ಎಲ್ಲಿಗೆ ಹೋಗಬೇಕೆಂಬ ಎಂಎಕ್ಸ್ ಸಾಲನ್ನು ಮೊದಲು ಹೊಸ ಕಡೆ ನಕಲು ಮಾಡಿ, ಅಕ್ಷರ ಅಕ್ಷರ ಹೋಲಿಸಿದೆ. ಭಾನುವಾರ ಮುಂಜಾನೆ ಬದಲಿಸಿದೆ, ಚಹಾ ಮುಗಿಯುವುದರೊಳಗೆ ಮೂರೂ ಊರಿನಲ್ಲಿ ಹೊಸದು ಬಂತು. ಆದರೂ ಹಳೆಯ ಸರ್ವರನ್ನು ಒಂದು ತಿಂಗಳು ನಿಲ್ಲಿಸಲಿಲ್ಲ. ದಿನಾ ಅದರ ಲಾಗ್ ನೋಡುತ್ತಿದ್ದೆ. ಮೊದಲ ವಾರ ಹತ್ತಿಪ್ಪತ್ತು ಜನ ದಾರಿ ತಪ್ಪಿ ಬಂದರು, ಆಮೇಲೆ ಐದಾರು, ಆಮೇಲೆ ಒಂದೇ ಒಂದು. ಅದು ಮಾತ್ರ ತಪ್ಪುತ್ತಿರಲಿಲ್ಲ. ಮುಂಜಾನೆ ಒಂಬತ್ತರ ಸುಮಾರಿಗೆ ಯಾರೋ ಹಳೆಯ ಬಾಗಿಲಿಗೇ ಬಂದು ರೇಟಿನ ಪುಟ ನೋಡಿ ಹೋಗುತ್ತಿದ್ದರು.

ತಿಂಗಳು ಮುಗಿಯಿತು. ಇನ್ನೊಂದು ತಿಂಗಳಿನ ದುಡ್ಡು ಕಟ್ಟಿದೆ. ಹಳೆಯ ಪುಟದ ನೆತ್ತಿಯ ಮೇಲೆ, ಇದು ಹಳೆಯ ವಿಳಾಸ, ಇಲ್ಲಿಯ ರೇಟು ನಂಬಬೇಡಿ, ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು ನನ್ನ ನಂಬರು ಹಾಕಿದೆ. ಮೂರನೆಯ ದಿನ ಒಂಬತ್ತೂ ಹತ್ತಕ್ಕೆ ಫೋನ್ ಬಂತು. ಮುದಗಲ್ಲಿನ ಕಿರಾಣಿ ಅಂಗಡಿಯವರು, ವಯಸ್ಸಾದ ದನಿ. "ಏನಪಾ, ನಮ್ಮ ಕಂಪೂಟರ್‌ದಾಗ ಏನೋ ಬರದೀರಿ. ನಾ ಏನು ಮಾಡಬೇಕು?"

"ಏನೂ ಮಾಡಬ್ಯಾಡ್ರಿ ಕಾಕಾ, ನಾನs ಬರ್ತೀನಿ" ಅಂದೆ. ಹತ್ತೂಕಾಲಿಗೆ ಮುದಗಲ್ ಬಸ್ಸಿತ್ತು.